ಸಹವಾಸದೋಷ

ಸಹವಾಸದಿಂದ ಸನ್ಯಾಸಿ ಕೆಟ್ಟನೆಂಬ ಗಾದೆ ಮನುಷ್ಯರಿಗೆ ಮಾತ್ರವೇ ಮೀಸಲಲ್ಲ. ಕಣ್ಣಿಗೆ ಕಾಣದ ಜೀನುಗಳಿಗೂ ಅದು ಸಲ್ಲುತ್ತದೆ. ಇದಕ್ಕೆ ಸಾಕ್ಷಿ, ಮಾಗಿದ ಬಾಳೆಯ ಹಣ್ಣಿನ ಸುತ್ತ ಸುಳಿಯುವ ಡ್ರೊಸೊಫಿಲ ಎಂಬ ಪುಟ್ಟ ನೊಣ.

ಈ ನೊಣದ ಕಣ್ಣು ಸಹಜವಾಗಿ ಕೆಂಪು. ಆ ಬಣ್ಣಕ್ಕೆ ಅವಶ್ಯವಾದ ಜೀನೊಂದು ಎಕ್ಸ್ ವರ್ಣತಂತುವಿನ ಮೇಲಿದೆ. ಅದು ಕೆಟ್ಟರೆ ಕಣ್ಣು ಬಿಳುಪಾಗುತ್ತದೆ. 1930ರಲ್ಲಿ ಹರ್ಮನ್ ಮುಲ್ಲರ್ ಎಂಬ ಅಮೆರಿಕದ ವಿಜ್ಞಾನಿ, ಎಕ್ಸ್-ಕಿರಣಗಳ ಪ್ರಯೋಗದಿಂದ ಹುಟ್ಟಿದ ವಿಚಿತ್ರ ನೊಣಗಳನ್ನು ವರ್ಣಿಸಿದರು. ಅವುಗಳ ಕಣ್ಣಿನಲ್ಲಿ ಕೆಂಪೂ ಬಿಳುಪೂ ಮಚ್ಚೆಮಚ್ಚೆಯಾಗಿ ಬೆರೆತಿದ್ದುವು. ಜೀನು ಕೆಟ್ಟಿದ್ದರೆ ಕೆಂಪೆಲ್ಲಿಂದ ಬಂತು? ಕೆಡದಿದ್ದರೆ ಬಿಳುಪೇಕೆ?

ಜೀನು ಕೆಟ್ಟಿರಲಿಲ್ಲ, ಅದರ ನೆರೆಹೊರೆ ಬದಲಾಗಿತ್ತು. ಇಂತಹ ಒಂದು ಪ್ರಸಿದ್ಧ ತಳಿಯಲ್ಲಿ ಎಕ್ಸ್ ವರ್ಣತಂತು ಎರಡೆಡೆ ತುಂಡಾಗಿ, ನಡುವಣ ಭಾಗ ತಲೆಕೆಳಗಾಗಿ ಮತ್ತೆ ಬೆಸೆದುಕೊಂಡಿದೆ. ಇದರಿಂದ ಬಣ್ಣದ ಜೀನು ಹೆಟೆರೊಕ್ರೊಮಾಟಿನ್ ಎಂಬ ಭಾಗದ ಪಕ್ಕಕ್ಕೆ ಬಂದಿದೆ. 1928ರಲ್ಲಿ ಎಮಿಲ್ ಹೈಟ್ಸ್ ಹೆಸರಿಟ್ಟ ಈ ಭಾಗ ಬಹು ಒತ್ತಾಗಿ ಮಡಿಚಿಕೊಂಡಿರುವಂಥದು. ಅಲ್ಲಿ ಜೀನುಗಳು ವಿರಳ. ಆ ಬಿಗಿತ ನೆರೆಯ ಜೀನಿನವರೆಗೂ ಹಬ್ಬಿದ ಜೀವಕೋಶದಲ್ಲಿ ಜೀನು ಮೂಕವಾಗುತ್ತದೆ; ಹಬ್ಬದಿದ್ದ ಕೋಶದಲ್ಲಿ ಎಂದಿನಂತೆ ಕೆಲಸ ಮಾಡುತ್ತದೆ. ಮಚ್ಚೆಗಳ ಗುಟ್ಟು ಇಷ್ಟೇ.

ಇನ್ನು ಗಂಡುನೊಣದ ವೈ ವರ್ಣತಂತು. ಅದು ಬಹುಮಟ್ಟಿಗೆ ಹೆಟೆರೊಕ್ರೊಮಾಟಿನ್ನೇ. ಅದಿಲ್ಲದೆಯೂ ಗಂಡುನೊಣ ಬದುಕುತ್ತದೆ. ಸಂತಾನಶಕ್ತಿ ಮಾತ್ರ ಇರುವುದಿಲ್ಲ. ಹೀಗಾಗಿ ಅದನ್ನು ಬರಡುನೆಲವೆಂದು ಎಣಿಸಿದ್ದುಂಟು. ಆದರೆ ಮಚ್ಚೆಗಣ್ಣಿನ ನೊಣಕ್ಕೆ ಹೆಚ್ಚಿನದೊಂದು ವೈ ಸೇರಿದರೆ ಕಣ್ಣಿನ ಕೆಂಪು ಮರಳುತ್ತದೆ. ಇರುವ ವೈ ತಪ್ಪಿದರೆ ಬಿಳುಪು ಹೆಚ್ಚುತ್ತದೆ! ಹತ್ತು ಮಂದಿಗೆ ಮಾಡಿದ ಅಡಿಗೆಗೆ ಇಪ್ಪತ್ತು ಮಂದಿ ಕುಳಿತಂತೆ, ಬಿಗಿತವನ್ನುಂಟುಮಾಡುವ ಪ್ರೋಟೀನುಗಳನ್ನು ವೈ ತನ್ನೆಡೆಗೆ ಸೆಳೆದುಕೊಳ್ಳುವುದರಿಂದ ಬಣ್ಣದ ಜೀನಿಗೆ ಬಿಡುಗಡೆ ದೊರೆಯುತ್ತದೆಂಬುದು ಇದಕ್ಕೆ ಕೊಡುವ ಮುಖ್ಯ ವಿವರಣೆ.

ಇದು ಕಣ್ಣಿನ ಬಣ್ಣಕ್ಕೇ ಮುಗಿಯುವ ಮಾತಲ್ಲ. ವಯಸ್ಸಾದಂತೆ ಗಂಡುನೊಣಗಳಲ್ಲಿ ಈ ಬಿಗಿತ ಹೆಣ್ಣುಗಳಿಗಿಂತ ಬೇಗ ಸಡಿಲುತ್ತದೆಂದೂ, ಹೆಚ್ಚಿನ ವೈ ಹೊತ್ತ ನೊಣಗಳ ಆಯುಸ್ಸು ಕಡಮೆಯೆಂದೂ ಡೋರಿಸ್ ಬಾಕ್ಟ್ರೋಗ್ ಮತ್ತು ಸಂಗಡಿಗರು 2020ರಲ್ಲಿ ಪ್ರಕಟಿಸಿದರು. ಹೆಟೆರೊಕ್ರೊಮಾಟಿನ್ನನ್ನು ಬಿಗಿದಿಡುವ ಪ್ರೋಟೀನುಗಳ ಬಂಧುಗಳು ಮಾನವನ ಜೀವಕೋಶಗಳಲ್ಲಿಯೂ ಇವೆ.

ತಂದೆತಾಯಿಯರಿಂದ ಬಂದ ಜೀನು ಇದ್ದಮಾತ್ರಕ್ಕೆ ಗುಣ ಪ್ರಕಟವಾಗಲೇಬೇಕೆಂಬ ನಿಯಮವಿಲ್ಲ. ಅದಕ್ಕೆ ತಕ್ಕ ನೆರೆಯೂ ಒದಗಬೇಕು. ಆ ನೆರೆಯ ಸ್ವಭಾವವನ್ನು ತಿದ್ದುವ ಶಕ್ತಿ, ಬರಡೆಂದು ಬದಿಗೊತ್ತಿದ ವರ್ಣತಂತುವಿನಲ್ಲಿಯೇ ಅಡಗಿದ್ದಿತು.