ಶೇಂದಿ ಅಂಗಡಿಗೂ ಒಂದು ಲೆಕ್ಕ ಬೇಡವೇ?

ಮೀನು ಮಾರ್ಕೆಟ್ಟಿಗೆ ಹೋದ ಗಿರಾಕಿ ಬಂಗುಡೆಯ ಕಿವಿರು ಎತ್ತಿ ನೋಡದೆ ದುಡ್ಡು ಬಿಚ್ಚುವುದಿಲ್ಲ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಾನೆ. ದಿನಸಿ ಅಂಗಡಿಯಲ್ಲಿ ನಾಲ್ಕು ಕಾಳು ಅಕ್ಕಿ ಬಾಯಿಗೆ ಹಾಕಿ ಹಳತೋ ಹೊಸತೋ ಹೇಳಬಲ್ಲ. ಅದೇ ಗಿರಾಕಿ ಸಂಜೆ ಬಸ್ಸಿಳಿದು ಶೇಂದಿ ಅಂಗಡಿಯ ಬೆಂಚಿನ ಮೇಲೆ ಕೂತರೆ ಮುಗಿಯಿತು. ಮುಂದೆ ಬಂದ ಗ್ಲಾಸಿನಲ್ಲಿ ಏನುಂಟು, ಯಾವಾಗ ಇಳಿಸಿದ್ದು, ಎಲ್ಲಿಂದ ಬಂತು ಎಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಮೀನಿಗೆ ಉಂಟಾದ ತನಿಖೆ ಶೇಂದಿಗೆ ಇಲ್ಲ! ಇದು ಎಂಥ ವ್ಯಾಪಾರ, ಸ್ವಾಮಿ?

ರಾಜ್ಯದ ಮಿಕ್ಕ ಕಡೆ ಕಳ್ಳಿನ ಅಂಗಡಿಗಳು ಬಾಗಿಲು ಹಾಕಿದ ಮೇಲೂ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳಲ್ಲಿ ಶೇಂದಿಗೆ ಪರವಾನಿಗೆ ಉಂಟು. ಮೂರ್ತೆದಾರರ ಸಹಕಾರಿ ಸಂಘಗಳುಂಟು. ಬೆಂಗಳೂರಿನಲ್ಲಿ 2010ರ ನಂತರ ಬಿಯರನ್ನು ಅಲ್ಲೇ ಹುಳಿ ಬರಿಸಿ ಅಲ್ಲೇ ಬಡಿಸುವ ಪಬ್ಬುಗಳು ಎದ್ದವು. ಗಾಜಿನ ಆಚೆ ಹೊಳೆಯುವ ಹಂಡೆ ನೋಡುತ್ತಾ, ‘ತಾಜಾ ಬಿಯರು’ ಎಂದು ನೂರಾರು ರೂಪಾಯಿ ತೆತ್ತು ಕುಡಿಯುವವರಿದ್ದಾರೆ. ಕರಾವಳಿಗೆ ಇದೇನೂ ಹೊಸ ಸಂಗತಿಯಲ್ಲ. ಇಲ್ಲಿ ಮರವೇ ಕಾರ್ಖಾನೆ, ಮಡಕೆಯೇ ಹಂಡೆ. ವ್ಯತ್ಯಾಸ ಇಷ್ಟೇ: ಅಲ್ಲಿ ಹಂಡೆ ಗಿರಾಕಿಯ ಕಣ್ಣಿಗೆ ಬೀಳುತ್ತದೆ, ಇಲ್ಲಿ ಮರ ಕಾಣುವುದಿಲ್ಲ.

ಶೇಂದಿಯ ಗುಣ ಗಡಿಯಾರದ ಕೈಯಲ್ಲಿದೆ. ಮೂರ್ತೆದಾರ ತೆಂಗು ಇಲ್ಲವೇ ತಾಳೆಯ ಮರ ಹತ್ತಿ, ಇನ್ನೂ ಬಿರಿಯದ ಹೊಂಬಾಳೆಯನ್ನು ಕಟ್ಟಿ, ಮೆಲ್ಲಗೆ ಬಡಿದು, ತುದಿ ಕೆತ್ತಿ ಮಡಕೆ ತೂಗಿಸುತ್ತಾನೆ. ಹನಿಹನಿಯಾಗಿ ಇಳಿಯುವ ರಸ ಮೊದಲು ಬರೀ ಸಿಹಿ. ತೆಂಗಿನ ರಸದಲ್ಲಿ ನೂರಕ್ಕೆ 12-15 ಪಾಲು ಸಕ್ಕರೆ ಇರುತ್ತದೆ. ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಈಸ್ಟು ಕೂಡಲೇ ಕೆಲಸ ಶುರುಮಾಡುತ್ತದೆ. ಕೆಲವು ತಾಸಿನಲ್ಲಿ ನೊರೆ ಏಳುತ್ತದೆ, ಹುಳಿ ಬರುತ್ತದೆ, ಅಮಲು ಹುಟ್ಟುತ್ತದೆ. ದಿನ ತುಂಬುವ ಹೊತ್ತಿಗೆ ನೂರಕ್ಕೆ 4ರಿಂದ 6 ಪಾಲು ಮದ್ಯಸಾರ, ಅಂದರೆ ಹೆಚ್ಚುಕಡಿಮೆ ಬಿಯರಿನಷ್ಟೇ. ಮರುದಿನಕ್ಕೆ ಇಟ್ಟರೆ ವಿನೆಗರಿನ ದಾರಿ ಹಿಡಿಯಿತು. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಸನ್ನ ಉಬ್ಬಿಸಲು ಶೇಂದಿ ಹಾಕುವುದು ಇದೇ ಗುಣಕ್ಕಾಗಿ.

ಆದ್ದರಿಂದ ಶೇಂದಿ ಅಂಗಡಿಗೆ ಮಾರ್ಕು ಕೊಡಲು ದೊಡ್ಡ ಪಂಡಿತನೇ ಆಗಬೇಕಿಲ್ಲ. ಒಳ್ಳೆಯ ಶೇಂದಿ ಅಕ್ಕಿ ತೊಳೆದ ನೀರಿನ ಬಣ್ಣದ್ದು. ಸಣ್ಣ ನೊರೆ, ಹಣ್ಣಿನಂಥ ವಾಸನೆ, ನಾಲಗೆಗೆ ಸಿಹಿ-ಹುಳಿ ಎರಡೂ. ಮಧ್ಯಾಹ್ನಕ್ಕೊಂದು ರುಚಿ, ಸಂಜೆಗೊಂದು ರುಚಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ಸಿಹಿ, ಸೋಮವಾರದಿಂದ ಭಾನುವಾರದವರೆಗೆ ಒಂದೇ ರುಚಿ ಇದ್ದರೆ ಅದು ಮರದ ಗುಣ ಅಲ್ಲ, ಹಿಂದಿನ ಕೋಣೆಯ ಗುಣ! ಒಂದೇ ಗ್ಲಾಸಿಗೆ ತಲೆ ಭಾರವಾಗಿ ನಿದ್ದೆ ಎಳೆದರೆ, ‘ಇವತ್ತು ಸ್ಟ್ರಾಂಗು ಉಂಟು’ ಎಂದು ಹೆಮ್ಮೆಪಡುವ ಬದಲು ಎದ್ದು ಬರುವುದೇ ಜಾಣತನ.

ಇನ್ನು ವ್ಯಾಪಾರಸ್ಥರಿಗೆ ಅರ್ಥವಾಗುವ ಲೆಕ್ಕ. ಒಂದು ತೆಂಗಿನ ಮರ ದಿನಕ್ಕೆ ಸುಮಾರು 2 ಲೀಟರು ರಸ ಕೊಡುತ್ತದೆ. ಒಬ್ಬ ಮೂರ್ತೆದಾರ ದಿನಕ್ಕೆ ಎರಡು ಹೊತ್ತು ಹತ್ತಿಳಿದು ನಿಭಾಯಿಸುವುದು ಹತ್ತು ಹನ್ನೆರಡು ಮರ. ಅಂದರೆ ತಲೆಗೆ 20-25 ಲೀಟರು. ದಿನಕ್ಕೆ 200 ಲೀಟರು ಮಾರುವ ಅಂಗಡಿಯ ಹಿಂದೆ ಎಂಟು ಹತ್ತು ಜನ ಮೂರ್ತೆದಾರರು, ನೂರು ಮರ ಇರಲೇಬೇಕು. ಮರ ನಲವತ್ತು, ಮಾರಾಟ ಇನ್ನೂರು ಲೀಟರು ಅಂತಾದರೆ ಉಳಿದ ನೂರಿಪ್ಪತ್ತು ಲೀಟರು ಆಕಾಶದಿಂದ ಬಿತ್ತೇ? ಇದಕ್ಕೆ ಪ್ರಯೋಗಶಾಲೆ ಬೇಡ. ಒಂದು ಪೆನ್ಸಿಲು, ಒಂದು ಚೀಟಿ ಸಾಕು. ಅಬಕಾರಿ ಇಲಾಖೆಯವರು ಪರವಾನಿಗೆ ಹಣ ಎಣಿಸುವಾಗ ಮರವನ್ನೂ ಎಣಿಸಿದರೆ ಅರ್ಧ ಕಳ್ಳಾಟ ಅಲ್ಲಿಗೇ ನಿಲ್ಲುತ್ತದೆ.

ಇಷ್ಟೆಲ್ಲ ಯಾಕೆ ಹೇಳಬೇಕು? ಅಮಲಿನ ವ್ಯಾಪಾರದಲ್ಲಿ ಲೆಕ್ಕ ತಪ್ಪಿದರೆ ಹೆಣದ ಲೆಕ್ಕ ಶುರುವಾಗುತ್ತದೆ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಸುಮಾರು 300 ಜನ ಸತ್ತರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿಯೇ ಬಂದ್ ಆಯಿತು. ಮುಗಿಯಿತೇ? 2008ರ ಮೇ ತಿಂಗಳಲ್ಲಿ ಕರ್ನಾಟಕ-ತಮಿಳುನಾಡು ಎರಡೂ ಕಡೆ ಸೇರಿ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಬಡವರು ಬಲಿಯಾದರು. ಅದು ಸಾರಾಯಿಯ ಕತೆ ಆಯ್ತು. ಕಳ್ಳಿನದ್ದೂ ಉಂಟು. 2025ರ ಜುಲೈಯಲ್ಲಿ ಹೈದರಾಬಾದಿನ ಕುಕಟ್‌ಪಲ್ಲಿ ಕಡೆ ಕಲಬೆರಕೆ ಕಳ್ಳು ಕುಡಿದು ಹಲವರು ಸತ್ತರು, ಹತ್ತಾರು ಮಂದಿ ಆಸ್ಪತ್ರೆ ಸೇರಿದರು. ನೀರಿಗೆ ನಿದ್ದೆ ಮದ್ದು, ಸಿಹಿಗೆ ಸ್ಯಾಕ್ರಿನ್, ಬಿಳುಪಿಗೆ ಇನ್ನೇನೋ. ಮರ ಹತ್ತದೆಯೇ ‘ಕಳ್ಳು’ ತಯಾರು! ಕರಾವಳಿಯಲ್ಲಿ ಹಾಗೆ ಆಗುವುದಿಲ್ಲ ಎಂದು ಕೈಕಟ್ಟಿ ಕೂತರೆ, ಆದ ಮೇಲೆ ಪರಿಹಾರದ ಚೆಕ್ಕು ಹಂಚಲು ಮಾತ್ರ ಬರಬೇಕಾದೀತು.

ತಿಂಡಿಯ ಮಾತೂ ಹೀಗೆಯೇ. ಶೇಂದಿ ಅಂಗಡಿಗೆ ಹೋಗುವವರಲ್ಲಿ ಅರ್ಧ ಜನ ಹೋಗುವುದೇ ಅಲ್ಲಿನ ಪ್ಲೇಟಿಗಾಗಿ. ಬೂತಾಯಿ ಫ್ರೈ, ಬಂಗುಡೆ ಪುಳಿಮುಂಚಿ, ಮರುವಾಯಿ ಸುಕ್ಕ, ಕಡ್ಲೆ, ಬೇಯಿಸಿದ ಮೊಟ್ಟೆ... ಇವುಗಳನ್ನು ಹದವಾಗಿ ಮಾಡುವ ಕೈ ದೊಡ್ಡ ಹೋಟೆಲಿನಲ್ಲೂ ಅಪರೂಪ. ಹುಳಿ ಶೇಂದಿಗೆ ಖಾರ ಪುಳಿಮುಂಚಿ ಎಂಬ ಜೋಡಿಯನ್ನು ಯಾವ ಪಬ್ಬಿನವನೂ ಹೇಳಿಕೊಡಬೇಕಿಲ್ಲ. ಆದರೆ ಖಾರ ಎಂಬುದು ಮೀನಿನ ರುಚಿಗೂ ಬರುತ್ತದೆ, ಹಳಸಿದ ಮೀನನ್ನು ಮುಚ್ಚಲೂ ಬರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸಮುದ್ರ ಬಂದ್. ಆ ಎರಡು ತಿಂಗಳೂ ರಾಶಿ ರಾಶಿ ‘ತಾಜಾ ಬಂಗುಡೆ’ ಸಿಗುವ ಅಂಗಡಿಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಐಸಿನದ್ದಾದರೆ ಐಸಿನದ್ದು ಎನ್ನಲಿ, ಒಣಮೀನಾದರೆ ಒಣಮೀನು ಬಡಿಸಲಿ, ಅದರಲ್ಲಿ ಅವಮಾನವೇನು? ಕರಿದ ಎಣ್ಣೆ ಟಾರಿನ ಬಣ್ಣಕ್ಕೆ ತಿರುಗಿದೆಯೇ, ಗ್ಲಾಸು ತೊಳೆಯುವ ಬಾಲ್ದಿಯ ನೀರು ಬೆಳಿಗ್ಗೆಯದ್ದೇ, ಕೈತೊಳೆಯುವ ನಳ್ಳಿಯಲ್ಲಿ ನೀರು ಬರುತ್ತದೆಯೇ — ರುಚಿಗೆ ಕೊಡುವ ಮಾರ್ಕಿನಲ್ಲಿ ಅರ್ಧ ಇವಕ್ಕೇ ಮೀಸಲಿಡಬೇಕು.

ಈ ವ್ಯವಹಾರದಲ್ಲಿ ನಿಜವಾಗಿ ಪೆಟ್ಟು ತಿನ್ನುವವನು ಯಾರು? ಮೂರ್ತೆದಾರ. ಬೆಳಿಗ್ಗೆ ಮಂಜು ಒಣಗುವ ಮೊದಲೇ ಮರ, ಸಂಜೆ ಮತ್ತೆ ಅದೇ ಮರ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಾಂಡ. ಕಾಲು ಜಾರಿದರೆ ಸೊಂಟ ಮುರಿಯಿತು, ಇಲ್ಲ ಜೀವವೇ ಹೋಯಿತು. ಅವನು ಇಳಿಸಿದ 20 ಲೀಟರಿಗೂ, ನೀರು-ಪುಡಿ ಕಲಸಿದ 20 ಲೀಟರಿಗೂ ಅಂಗಡಿಯಲ್ಲಿ ಒಂದೇ ರೇಟು ಅಂತಾದರೆ ಮರ ಹತ್ತುವ ಹುಚ್ಚು ಯಾರಿಗೆ? ಮಕ್ಕಳು ಮುಂಬಯಿ, ಗಲ್ಫು ಎಂದು ಬಸ್ಸು-ವಿಮಾನ ಹತ್ತುತ್ತಾರೆ, ಮರವನ್ನಲ್ಲ. ಕಲಬೆರಕೆ ಗಿರಾಕಿಯ ಹೊಟ್ಟೆಗೆ ಮಾತ್ರ ವಿಷವಲ್ಲ, ಕಸುಬಿಗೇ ವಿಷ. ತೆಂಗು ಅಭಿವೃದ್ಧಿ ಮಂಡಳಿಯಲ್ಲಿ ಮರ ಹತ್ತುವವರಿಗೆ ‘ಕೇರ ಸುರಕ್ಷಾ’ ಎಂಬ ಅಪಘಾತ ವಿಮೆ ಉಂಟು. ತಮ್ಮ ಊರಿನ ಎಷ್ಟು ಜನರ ಹೆಸರು ಅದರಲ್ಲಿ ಉಂಟು ಎಂಬುದನ್ನು ಸಂಘದವರು ಮೊದಲು ನೋಡಲಿ.

ಹುಳಿ ಬರದಂತೆ ತಡೆಯುವ ದಾರಿಯೂ ಹತ್ತಿರದಲ್ಲೇ ಇದೆ. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರದವರು ಐಸು ತುಂಬಿದ ಪೆಟ್ಟಿಗೆಯನ್ನು ಮರಕ್ಕೇ ಕಟ್ಟಿ, ರಸವನ್ನು ಸಿಹಿಯಾಗಿಯೇ ಇಳಿಸುವ ವಿಧಾನ ಮಾಡಿ ‘ಕಲ್ಪರಸ’ ಎಂದು ಹೆಸರಿಟ್ಟಿದ್ದಾರೆ. ಅದೇ ರಸದಿಂದ ಸಕ್ಕರೆ, ಬೆಲ್ಲ ಆಗುತ್ತದೆ. ಅಮಲು ಬೇಡದವರಿಗೂ ಮರ ಕೊಡುವುದುಂಟು. ಅಂಗಡಿಯಲ್ಲಿ ಎರಡನ್ನೂ ಇಟ್ಟರೆ ಮನೆಮಂದಿಗೆ ಒಂದು ಬಾಟಲಿ ಒಯ್ಯುವವನಿಗೂ ಮುಖ ಮರೆಸಿಕೊಳ್ಳುವ ಸಂಕಟ ಇರುವುದಿಲ್ಲ.

‘ಇದೆಲ್ಲ ಬೇಡ, ಬಾಗಿಲೇ ಹಾಕಿಸಿ’ ಎನ್ನುವವರಿದ್ದಾರೆ. ಕುಡಿತದಿಂದ ಹಾಳಾದ ಮನೆಗಳನ್ನು ಕಂಡವರ ಮಾತು ಅದು; ತಳ್ಳಿಹಾಕುವಂಥದ್ದಲ್ಲ. ಶೇಂದಿಯೂ ಅಮಲೇ, ಅಮೃತವಲ್ಲ. ಕುಡಿದು ಸ್ಟೇರಿಂಗು ಹಿಡಿದವನಿಗೆ ಯಾವ ರಿಯಾಯಿತಿಯೂ ಸಲ್ಲದು: ನೂರು ಮಿಲಿ ಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮದ್ಯಸಾರ ದಾಟಿದರೆ ಅಪರಾಧ, ಅದು ಮರದಿಂದ ಬಂದರೂ ಸರಿ, ಬಾಟಲಿಯಿಂದ ಬಂದರೂ ಸರಿ. ಆದರೆ ಕಣ್ಣೆದುರಿನ ಬಾಗಿಲು ಹಾಕಿದರೆ ಹಿತ್ತಲ ಬಾಗಿಲು ತೆರೆಯುತ್ತದೆ ಎಂಬುದಕ್ಕೆ 2008ರ ಸಾವುಗಳೇ ಸಾಕ್ಷಿ. ತೆರೆದಿಟ್ಟ ಮೇಲೆ ಬೆಳಕಿನಲ್ಲಿಡಿ.

ಮಾಡಬೇಕಾದ್ದು ಬಹಳವೇನಲ್ಲ. ಪ್ರತಿ ಶೇಂದಿ ಅಂಗಡಿಯ ಬಾಗಿಲಲ್ಲಿ ಒಂದು ಕಪ್ಪು ಹಲಗೆ ತೂಗಲಿ. ಅದರಲ್ಲಿ ಮೂರೇ ಸಾಲು: ಇಂದು ಎಷ್ಟು ಗಂಟೆಗೆ ಇಳಿಸಿದ್ದು, ಎಷ್ಟು ಮರದ್ದು, ಒಟ್ಟು ಎಷ್ಟು ಲೀಟರು. ಹೋಟೆಲಿನವರು ದಿನದ ತಿಂಡಿ ಬರೆಯುವುದಿಲ್ಲವೇ, ಹಾಗೆಯೇ. ಸಂಘದವರು ಬರೆಸಲಿ, ಅಬಕಾರಿಯವರು ವಾರಕ್ಕೊಮ್ಮೆ ಬಂದು ತಾಳೆ ನೋಡಲಿ, ಪಂಚಾಯತಿಯ ಆರೋಗ್ಯದವರು ಅಡಿಗೆಮನೆಗೆ ಇಣುಕಲಿ. ಹಲಗೆ ಇಲ್ಲದ ಅಂಗಡಿಯಲ್ಲಿ ಗಿರಾಕಿ ಗ್ಲಾಸು ಮುಟ್ಟುವ ಮೊದಲು ಗಟ್ಟಿಯಾಗಿ ಒಂದೇ ಮಾತು ಕೇಳಲಿ: ‘ಎಷ್ಟು ಗಂಟೆದ್ದು ಮಾರಾಯ್ರೆ?’

ಉತ್ತರ ಗೊತ್ತಿರುವ ಅಂಗಡಿಗೆ ನಷ್ಟವಿಲ್ಲ. ಗೊತ್ತಿಲ್ಲದ ಅಂಗಡಿಗೆ ಗಿರಾಕಿ ಇರಬಾರದು.