ಟೈರಿನ ಪಕ್ಕೆಯ ಶಾಸನ

ಸಂಬಳದ ಮೇಲೆ ಸಂಸಾರ ನಡೆಸುವವನ ಮನೆಗೆ ಕಾರು ಬರುವುದೊಂದು ಸಂಭ್ರಮ. ಆ ಕಾರಿನ ನಾಲ್ಕು ಟೈರುಗಳೂ ಒಟ್ಟಿಗೆ ಬೋಳಾಗಿ ನಿಲ್ಲುವುದು ಇನ್ನೊಂದು ಬಗೆಯ ಅನುಭವ. ಕಾರಿಗೆ ಸಾಲ ಕೊಡಲು ಬ್ಯಾಂಕುಗಳು ಬಾಗಿಲಿಗೇ ಬರುತ್ತವೆ. ಟೈರಿಗೆ ಯಾರೂ ಬರುವುದಿಲ್ಲ. ಆ ಹಣ ದಿನಸಿ, ಹಾಲು, ಮಕ್ಕಳ ಶುಲ್ಕಗಳ ನಡುವಿನಿಂದಲೇ ಹೊರಡಬೇಕು. ಚನ್ನಗಿರಿಯಲ್ಲಾಗಲಿ ಹೊನ್ನಾಳಿಯಲ್ಲಾಗಲಿ, ಟೈರಿನ ಅಂಗಡಿಯ ಯಜಮಾನನಿಗೆ ಇದು ತಿಳಿಯದ ಸಂಗತಿಯೇನಲ್ಲ. ಹೆಸರಾಂತ ಕಂಪೆನಿಯ ಟೈರನ್ನು ಉರುಳಿಸಿಕೊಂಡು ಬಂದು ಬೆಲೆ ಹೇಳುತ್ತಾನೆ. ಗಿರಾಕಿಯ ಮುಖ ನೋಡುತ್ತಾನೆ. ಒಳಗೆ ಹೋಗಿ, ನಾವೆಂದೂ ಕೇಳರಿಯದ ಹೆಸರಿನ ಮತ್ತೊಂದನ್ನು ತಂದು ಅದರ ಪಕ್ಕದಲ್ಲಿ ನಿಲ್ಲಿಸುತ್ತಾನೆ. “ಇದೂ ಒಳ್ಳೇ ಮಾಲೇ ಸಾರ್. ಹೆಸರಿಲ್ಲ, ಅಷ್ಟೆ.”

ಗೃಹಸ್ಥನ ಧರ್ಮಸಂಕಟ ಆರಂಭವಾಗುವುದು ಇಲ್ಲಿಯೇ. ಅಗ್ಗದ್ದನ್ನು ಕೊಂಡರೆ ಹೆಂಡತಿ ಮಕ್ಕಳ ಜೀವದ ವಿಷಯದಲ್ಲಿ ಜಿಪುಣತನ ಮಾಡಿದಂತೆ. ದುಬಾರಿಯದನ್ನು ಕೊಂಡರೆ ಬರಿಯ ಹೆಸರಿಗೆ ದಂಡ ತೆತ್ತಂತೆ. ಮನೆಯಲ್ಲಿ ಕೇಳಿದರೆ “ಯಾವುದು ಗಟ್ಟಿಯೋ ಅದನ್ನು ತನ್ನಿ” ಎನ್ನುತ್ತಾರೆ. ಆದರೆ ಗಟ್ಟಿ ಯಾವುದೆಂದು ತಿಳಿಯುವುದು ಹೇಗೆ?

ಮೊದಲು ಹೆಸರಿನ ಮಾತು ಮುಗಿಸೋಣ. ದೂರ ಹೋಗಬೇಕಾದುದಿಲ್ಲ, ನಮ್ಮ ಮೈಸೂರಿನ ಮೇಟಗಳ್ಳಿಯೇ ಸಾಕು. ರಾಜ್ಯ ಸರ್ಕಾರದ ಸಹಭಾಗಿತ್ವದಲ್ಲಿ ಹುಟ್ಟಿದ ‘ವಿಕ್ರಾಂತ್’ ಕಾರ್ಖಾನೆ ಅಲ್ಲಿಯದು. ಲಾರಿ ಬಸ್ಸುಗಳವರಿಗೆ ಪರಿಚಿತವಾಗಿದ್ದ ಆ ಹೆಸರು ಕಾರಿನವರ ಬಾಯಲ್ಲಿ ಅಷ್ಟಾಗಿ ಇರಲಿಲ್ಲ. 1997ರಲ್ಲಿ ಕಾರ್ಖಾನೆ ಜೆ.ಕೆ. ಸಂಸ್ಥೆಯ ಕೈ ಸೇರಿತು. ವಿಕ್ರಾಂತ್ ಎಂಬ ಹೆಸರು ಮಾತ್ರ ಅಳಿಯದೆ ಆ ಸಂಸ್ಥೆಯ ಎರಡನೆಯ ಹೆಸರಾಗಿ ಉಳಿದುಕೊಂಡಿತು. ಅಂಗಡಿಯವನು ‘ಹೆಸರಿಲ್ಲ’ ಎನ್ನುವ ಮಾಲು ಎಷ್ಟೋ ವೇಳೆ ಹೀಗೆ ದೊಡ್ಡ ಮನೆತನದ ಕಿರಿಯ ಸಂತಾನವಾಗಿರುವುದುಂಟು. ಅದೇ ಮೇಟಗಳ್ಳಿಯಲ್ಲಿ ‘ಫಾಲ್ಕನ್’ ಎಂಬ ಇನ್ನೊಂದು ಕಾರ್ಖಾನೆಯಿತ್ತು. ಅದು ತಯಾರಿಸುತ್ತಿದ್ದ ದ್ವಿಚಕ್ರ ವಾಹನಗಳ ಟೈರಿನ ಮೇಲೆ ಡನ್‌ಲಪ್ ಎಂಬ ಜಗತ್ಪ್ರಸಿದ್ಧ ಹೆಸರೇ ಮೆರೆಯುತ್ತಿತ್ತು. ಗಾಳಿ ತುಂಬಿದ ಟೈರನ್ನು 1888ರಲ್ಲಿ ಬಳಕೆಗೆ ತಂದ ಮಹಾಶಯನ ಹೆಸರದು. ಆದರೂ ಕಳೆದ ದಶಕದಲ್ಲಿ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಹೆಸರು ಟೈರನ್ನು ಕಾಯುವುದಿರಲಿ, ಕಾರ್ಖಾನೆಯನ್ನೇ ಕಾಯಲಿಲ್ಲ. ಆದ್ದರಿಂದ ಹೆಸರು ಕೇಳಿಲ್ಲವೆಂದು ಬೆದರಬೇಕಾದುದಿಲ್ಲ. ಈ ಮಾಲನ್ನು ತಯಾರಿಸಿದವರು ಯಾರು, ನಾಳೆ ಪಕ್ಕೆ ಉಬ್ಬಿದರೆ ಉತ್ತರ ಹೇಳುವವರು ಎಲ್ಲಿದ್ದಾರೆ ಎಂಬುದನ್ನು ಕೇಳಿದರೆ ಸಾಕು.

ಕಾನೂನೂ ಈ ವಿಷಯದಲ್ಲಿ ನಿದ್ರಿಸುತ್ತಿಲ್ಲ. 2009ರ ಕೇಂದ್ರ ಸರ್ಕಾರದ ಆದೇಶದಂತೆ ಈ ದೇಶದಲ್ಲಿ ಮಾರುವ ಹೊಸ ಕಾರು ಟೈರಿನ ಮೇಲೆ ಐ.ಎಸ್.ಐ. ಗುರುತು ಇರಲೇಬೇಕು, ಜೊತೆಗೆ ಐ.ಎಸ್. 15633 ಎಂಬ ಸಂಖ್ಯೆ. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಸದ್ದು ಈ ಮೂರಕ್ಕೂ ಮಿತಿಗಳನ್ನು ಗೊತ್ತುಮಾಡಿ, 2022ರ ಅಕ್ಟೋಬರಿನಿಂದ ಹೊಸ ವಿನ್ಯಾಸಗಳಿಗೂ ಮರುವರ್ಷ ಹಳೆಯ ವಿನ್ಯಾಸಗಳಿಗೂ ಅನ್ವಯಿಸಲಾಯಿತು. ಎಂದರೆ ಅಗ್ಗದ ಟೈರೂ ಒಂದು ಪರೀಕ್ಷೆ ಪಾಸು ಮಾಡಿಯೇ ಅಂಗಡಿಗೆ ಬಂದಿರುತ್ತದೆ. ಪಾಸಾದವರೆಲ್ಲ ಪ್ರಥಮ ದರ್ಜೆಯವರಲ್ಲವೆಂಬುದನ್ನು ಮಾತ್ರ ಅಧ್ಯಾಪಕನಾದ ನಾನು ಬಿಡಿಸಿ ಹೇಳಬೇಕಾಗಿಲ್ಲ. ಹೆಚ್ಚು ಬೆಲೆಯ ಟೈರು ಮಳೆಯಲ್ಲಿ ಬ್ರೇಕು ಹಾಕಿದಾಗ ಸಾಮಾನ್ಯವಾಗಿ ಕೊಂಚ ಮೊದಲೇ ನಿಲ್ಲುತ್ತದೆ, ಸಮನಾಗಿ ಸವೆಯುತ್ತದೆ, ಹೆಚ್ಚು ದೂರ ಬಾಳುತ್ತದೆ. ಆ ಹೆಚ್ಚಳ ನಮಗೆ ಬೇಕೆ, ಬೇಡವೆ ಎಂಬುದೇ ಪ್ರಶ್ನೆ.

ಇದಕ್ಕೆ ಉತ್ತರ ಟೈರಿನ ಪಕ್ಕೆಯಲ್ಲಿಯೇ ಅರ್ಧ ಬರೆದಿದೆ. ಶಾಸನ ಓದುವವರು ಕಲ್ಲಿನ ಮೇಲಿನ ಬಿರುದಾವಳಿಗೆ ಮರುಳಾಗದೆ ಮೊದಲು ಅದರ ಕಾಲವನ್ನು ಹುಡುಕುತ್ತಾರೆ. ಟೈರಿಗೂ ಅದೇ ಕ್ರಮ. ದೊಡ್ಡಕ್ಷರದ ಹೆಸರನ್ನು ಬಿಟ್ಟು ಕೆಳಗಿನ ಸಣ್ಣ ಅಂಕೆಗಳನ್ನು ನೋಡಬೇಕು. 155/80 ಆರ್ 13 79 ಟಿ ಎಂದಿದೆಯೆನ್ನಿ. 155 ಎಂದರೆ ಮಿಲಿಮೀಟರಿನಲ್ಲಿ ಅಗಲ. 80 ಎಂದರೆ ಆ ಅಗಲದ ನೂರರಲ್ಲಿ ಎಂಬತ್ತು ಪಾಲು ಪಕ್ಕೆಯ ಎತ್ತರ. ‘ಆರ್’ ಎಂದರೆ ರೇಡಿಯಲ್. 13 ಎಂದರೆ ಚಕ್ರದ ರಿಮ್ಮಿನ ಅಂಗುಲ. 79 ಎಂಬುದು ಭಾರದ ಸಂಕೇತ: ಆ ಟೈರು 437 ಕಿಲೋ ಹೊರಬಲ್ಲದು. ‘ಟಿ’ ಎಂದರೆ ಗಂಟೆಗೆ 190 ಕಿಲೋಮೀಟರು ವೇಗದವರೆಗೆ. ಭಾರದ ಅಂಕೆಯಾಗಲಿ ವೇಗದ ಅಕ್ಷರವಾಗಲಿ ಕಾರಿನ ಕಂಪೆನಿ ಹೇಳಿದ್ದಕ್ಕಿಂತ ಕಡಿಮೆಯಿದ್ದರೆ, ಅಂಗಡಿಯವನು ಬಿಟ್ಟಿ ಕೊಟ್ಟರೂ ಬೇಡ.

ಅನಂತರ ಅಂಡಾಕಾರದ ಗೆರೆಯೊಳಗಿನ ನಾಲ್ಕು ಅಂಕೆಗಳು. 2324 ಎಂದಿದ್ದರೆ 2024ನೆಯ ವರ್ಷದ 23ನೆಯ ವಾರದಲ್ಲಿ ಆ ಟೈರು ಹುಟ್ಟಿತು ಎಂದರ್ಥ. ನನ್ನ ಮಟ್ಟಿಗೆ ಇಡೀ ಶಾಸನದಲ್ಲಿ ಇದಕ್ಕಿಂತ ಬೆಲೆಯುಳ್ಳ ಪಂಕ್ತಿ ಇನ್ನೊಂದಿಲ್ಲ. ರಬ್ಬರು ಕುಳಿತಲ್ಲಿಯೇ ಮುದಿಯಾಗುವ ವಸ್ತು. ಓಡದಿದ್ದರೂ ಗಡಸಾಗುತ್ತದೆ, ಬಿರುಕು ಬಿಡುತ್ತದೆ. ಬೆಂಗಳೂರಿನ ಅಂಗಡಿಯಲ್ಲಿ ಮಾಲು ಬೇಗ ಖರ್ಚಾಗುತ್ತದೆ. ತಾಲ್ಲೂಕು ಊರುಗಳಲ್ಲಿ ಹಾಗಲ್ಲ. ಹೆಚ್ಚು ಹೋಗದ ಅಳತೆಯ ಟೈರು ಗೋಡೆಗೊರಗಿ ಎರಡು ಮೂರು ಬೇಸಗೆಗಳನ್ನು ಕಳೆದುಬಿಡಬಹುದು. ಮೂರು ವರ್ಷ ಹಳೆಯದಾದ ಹೆಸರುವಾಸಿ ಟೈರಿಗಿಂತ ಮೂರು ತಿಂಗಳ ಹಿಂದೆ ಹುಟ್ಟಿದ ಅನಾಮಧೇಯ ಟೈರೇ ಮೇಲು. ಔಷಧಿಯ ಸೀಸೆಯನ್ನು ತಿರುಗಿಸಿ ತಾರೀಖು ನೋಡದೆ ಮಗುವಿಗೆ ಒಂದು ಚಮಚವನ್ನೂ ಕುಡಿಸದ ನಮ್ಮ ಗೃಹಿಣಿಯರನ್ನು ಟೈರಿನ ಅಂಗಡಿಗೆ ಕರೆದೊಯ್ಯುವ ಪದ್ಧತಿ ಏಕಿಲ್ಲವೋ ತಿಳಿಯದು. ಯಜಮಾನರು ಕಾಫಿ ಕುಡಿಯುವಷ್ಟರಲ್ಲಿ ಅವರು ಕೆಲಸ ಮುಗಿಸಿರುತ್ತಿದ್ದರು.

ಇನ್ನು ಲೆಕ್ಕ. ನಾಲ್ಕು ಸಾವಿರದ ಟೈರು 40,000 ಕಿಲೋಮೀಟರು ಬಾಳುತ್ತದೆಂದೂ ಮೂರು ಸಾವಿರದ್ದು 25,000 ಬಾಳುತ್ತದೆಂದೂ ಇಟ್ಟುಕೊಳ್ಳಿ. ಕಿಲೋಮೀಟರಿಗೆ ಮೊದಲನೆಯದಕ್ಕೆ ಹತ್ತು ಪೈಸೆ, ಎರಡನೆಯದಕ್ಕೆ ಹನ್ನೆರಡು. ಅಗ್ಗದ್ದೇ ದುಬಾರಿಯಾಯಿತಲ್ಲ ಎಂದು ತೀರ್ಪು ಕೊಡುವ ಮೊದಲು, ವರ್ಷಕ್ಕೆ ಕಾರು ಎಷ್ಟು ಓಡುತ್ತದೆಂದು ನೋಡಬೇಕು. ಹೊನ್ನಾಳಿಯಿಂದ ದಾವಣಗೆರೆಗೆ ನಲವತ್ತು ಕಿಲೋಮೀಟರಿನಷ್ಟು ದೂರ. ದಿನವೂ ಕಾರಿನಲ್ಲಿ ಹೋಗಿ ಬರುವವರಿಗೆ ವರ್ಷಕ್ಕೆ 24,000 ಕಿಲೋಮೀಟರು ಆಗಿಬಿಡುತ್ತದೆ. ಅವರು ಹೆಚ್ಚು ಬಾಳುವುದನ್ನೇ ಕೊಳ್ಳಲಿ. ಕೊಟ್ಟ ಹಣ ರಸ್ತೆಯ ಮೇಲೆಯೇ ಹಿಂದಿರುಗುತ್ತದೆ. ಆದರೆ ನ್ಯಾಮತಿಯಲ್ಲೋ ಜಗಳೂರಿನಲ್ಲೋ ಶಾಲೆಗೆ ನಡೆದೇ ಹೋಗುವ ಮೇಷ್ಟರ ಕಾರು ಹೊರಡುವುದು ಮದುವೆಗೆ, ಆಸ್ಪತ್ರೆಗೆ, ವರ್ಷಕ್ಕೊಮ್ಮೆ ಧರ್ಮಸ್ಥಳಕ್ಕೆ. ಐದು ಸಾವಿರ ಕಿಲೋಮೀಟರು ದಾಟಿದರೆ ಹೆಚ್ಚು. ಐದು ವರ್ಷದಲ್ಲಿ ಅವರ ಟೈರು 25,000 ಓಡಿರುತ್ತದೆ. ಆ ವೇಳೆಗೆ ವಯಸ್ಸಿನ ಕಾರಣದಿಂದಲೇ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಬೇಕಾದ ಸ್ಥಿತಿಗೆ ಬಂದಿರುತ್ತದೆ. ದುಬಾರಿ ಟೈರಿನಲ್ಲಿ ಉಳಿದ ಹದಿನೈದು ಸಾವಿರ ಕಿಲೋಮೀಟರನ್ನು ಅವರು ಬಳಸುವುದು ಯಾವಾಗ? ಇಂಥವರ ಕಾರಿನ ಟೈರು ಸವೆದು ಸಾಯುವುದಿಲ್ಲ, ಮುಪ್ಪಿನಿಂದ ಸಾಯುತ್ತದೆ. ಅವರು ಅಗ್ಗದ, ಆದರೆ ತಾಜಾ ಟೈರನ್ನು ಕೊಂಡರೆ ಅದು ಜಿಪುಣತನವಲ್ಲ, ಗಣಿತ.

ಊರಿನ ಗುಣವೂ ಲೆಕ್ಕಕ್ಕೆ ಬರಬೇಕು. ಚನ್ನಗಿರಿಯದು ಅಡಕೆ ತೋಟಗಳ ಸೀಮೆ. ಮಳೆಗಾಲದಲ್ಲಿ ರಸ್ತೆ ಜಾರುತ್ತದೆ. ಅಲ್ಲಿಯವರು ಆಳವಾದ ನೀರುಗೀರುಗಳುಳ್ಳ ಟೈರಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಆ ಗೀರುಗಳ ತಳದಲ್ಲಿ ಅಲ್ಲಲ್ಲಿ ಪುಟ್ಟ ದಿಬ್ಬಗಳಿರುತ್ತವೆ, 1.6 ಮಿಲಿಮೀಟರು ಎತ್ತರದವು. ಹೊರಮೈ ಸವೆದು ಅವುಗಳ ಮಟ್ಟಕ್ಕೆ ಇಳಿಯಿತೆಂದರೆ ಟೈರಿನ ಆಯುಸ್ಸು ತೀರಿತೆಂದೇ ಅರ್ಥ. ಜಗಳೂರು ಬೇರೆಯೇ ಲೋಕ. ರಂಗಯ್ಯನದುರ್ಗದ ಕುರುಚಲು ಕಾಡು, ಕಲ್ಲು ನೆಲ, ಜಾಲಿಮುಳ್ಳು, ಉರಿಬಿಸಿಲು. ಅಲ್ಲಿ ಟೈರಿಗೆ ಶತ್ರು ನೀರಲ್ಲ, ಶಾಖ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಪಕ್ಕೆ ಮಡಚಿ ಮಡಚಿ ಒಳಗೇ ಕಾಯುತ್ತದೆ, ಕೊನೆಗೆ ಒಡೆಯುತ್ತದೆ. ಅದು ಯಾವ ಕಂಪೆನಿಯದಾದರೇನು? ಬೆಳಿಗ್ಗೆ ಕಾರು ಹೊರಡುವ ಮುನ್ನ, ಟೈರು ತಣ್ಣಗಿರುವಾಗಲೇ ಗಾಳಿ ನೋಡಿಸಬೇಕು. ಅಂದಕ್ಕೆಂದು ಪಕ್ಕೆ ಗಿಡ್ಡವಾದ ಅಗಲ ಟೈರು ಹಾಕಿಸುವ ತರುಣರು ಆ ಕಡೆಯ ಕಲ್ಲುಗಳಿಗೆ ಕಪ್ಪ ಒಪ್ಪಿಸಿಯೇ ಬರುತ್ತಾರೆ.

ಎರಡೇ ಟೈರಿಗೆ ಹಣವಿದ್ದರೆ? ಹೊಸದನ್ನು ಮುಂದಕ್ಕೆ ಹಾಕುವುದೇ ನಮ್ಮಲ್ಲಿ ರೂಢಿ. ಹಿಂದಕ್ಕೆ ಹಾಕಬೇಕೆಂಬುದು ಬಲ್ಲವರ ಮತ. ಒದ್ದೆ ರಸ್ತೆಯಲ್ಲಿ ಮುಂಗಾಲು ಜಾರಿದರೆ ಚಾಲಕನಿಗೆ ಸ್ಟಿಯರಿಂಗಿನಲ್ಲಿ ತಿಳಿಯುತ್ತದೆ, ವೇಗ ತಗ್ಗಿಸಿ ಹಿಡಿತಕ್ಕೆ ತರಬಹುದು. ಹಿಂಗಾಲು ಜಾರಿದರೆ ಕಾರೇ ಬುಗುರಿಯಾಗುತ್ತದೆ. ಒಂದೇ ಅಚ್ಚಿನ ಎಡಬಲಗಳಲ್ಲಿ ಮಾತ್ರ ಎರಡು ಜಾತಿಯ ಟೈರು ಬೇಡ.

ಬೋಳಾದ ಟೈರಿಗೆ ಬಿಸಿ ಚಾಕುವಿನಿಂದ ಗೀರು ಕೊರೆದು, ಕಪ್ಪು ಹೊಳಪು ಬಳಿದು ಅರ್ಧ ಬೆಲೆಗೆ ಮಾರುವುದೂ ಉಂಟು. ಅದು ಟೈರಲ್ಲ, ವೇಷ. ಬಸ್ಸು ಲಾರಿಗಳ ಟೈರಿಗೆ ಹೊಸ ಹೊರಮೈ ಕೂರಿಸುವ ರೀಟ್ರೆಡ್ಡಿಂಗಿನೊಡನೆ ಇದನ್ನು ಹೋಲಿಸಬಾರದು. ಬಿಲ್ಲಿಲ್ಲದೆ ಕೊಂಡರೆ ತೆರಿಗೆ ಉಳಿಯಿತೆಂದು ಹಿಗ್ಗುವವರು, 2025ರ ಸೆಪ್ಟೆಂಬರ್ 22ರಿಂದ ಕಾರು ಟೈರಿನ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಿರುವುದನ್ನು ಗಮನಿಸಲಿ. ಹೆಸರಿಲ್ಲದ ಟೈರಿಗಂತೂ ಬಿಲ್ಲೇ ಜಾತಕ. ಅದರಲ್ಲಿ ಟೈರಿನ ಕ್ರಮಸಂಖ್ಯೆಯನ್ನೂ ಬರೆಯಿಸಿಕೊಳ್ಳುವುದು ಮೇಲು. ಗ್ಯಾರಂಟಿಯ ಮಾತು ಬಂದಾಗ ಯಜಮಾನನ ನಗುಮುಖ ಸಾಕ್ಷಿಗೆ ನಿಲ್ಲುವುದಿಲ್ಲ.

ಅಂಗಡಿಯಿಂದ ಹೊರಡುವ ಮುನ್ನ ಡಿಕ್ಕಿ ತೆಗೆಯಿಸಿ ಸ್ಟೆಪ್ನಿಯ ಪಕ್ಕೆಯನ್ನೂ ಒಮ್ಮೆ ಓದಿನೋಡಿ. ಒಂದು ದಿನವೂ ನೆಲ ಮುಟ್ಟದೆ ಹೊಚ್ಚಹೊಸದಾಗಿ ಕಾಣುವ ಆ ಐದನೆಯ ಟೈರು, ಬಹುಮಟ್ಟಿಗೆ ಕಾರು ಕೊಂಡ ವರ್ಷದ್ದೇ ಆಗಿರುತ್ತದೆ.