ಅಂಕುಡೊಂಕು ದಾರಿ ಅಂತ ಹಿಂಜರಿಯಬೇಡಿ

‘ಐದು ವರ್ಷ ಮನೇಲೇ ಇದ್ದೆ, ಈಗ ನನಗ್ಯಾರು ಕೆಲಸ ಕೊಡ್ತಾರೆ?’ ಅನ್ನುವ ಗೃಹಿಣಿಯರು ಬಹಳ. ಮೊದಲು ಟೀಚರ್ ಆಗಿದ್ದವರು, ಬ್ಯಾಂಕಿನಲ್ಲಿದ್ದವರು, ಗಂಡನ ವರ್ಗಾವಣೆಗೋ ಮಗುವಿಗೋ ಅಂತ ಕೆಲಸ ಬಿಟ್ಟವರು. ಅರ್ಜಿ ಬರೆಯುವಾಗ ಆ ವರ್ಷಗಳನ್ನು ಮುಚ್ಚಿಡುತ್ತಾರೆ. ಕಂಪನಿಗಳ ತರಬೇತಿ ಅಥವಾ ಸಿಬ್ಬಂದಿ ವಿಭಾಗಕ್ಕೆ ಹೋಗಬೇಕೆನ್ನುವವರಂತೂ ಹಾಗೆ ಮಾಡಲೇಬಾರದು ಅನ್ನೋದು ನನ್ನ ಅಭಿಪ್ರಾಯ.

ಯಾಕೆಂದರೆ ಈ ಕೆಲಸಕ್ಕೆ ಜನರ ಒಡನಾಟವೇ ಬಂಡವಾಳ. ಆನಂದಪುರ, ಸಾಗರದ ಕಡೆಯವರಿಗೆ ಉದಾಹರಣೆ ಹತ್ತಿರದಲ್ಲೇ ಇದೆ. ಹೆಗ್ಗೋಡಿನಲ್ಲಿ ರಂಗಕರ್ಮಿ ಪ್ರಸನ್ನ 1996ರಲ್ಲಿ ‘ಚರಕ’ ಮಹಿಳಾ ಸಹಕಾರ ಸಂಘ ಕಟ್ಟಿದರು. ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ನೇಯ್ಗೆ, ಬಣ್ಣಗಾರಿಕೆ, ಹೊಲಿಗೆ ಕಲಿತರು. ಇಂಥ ಸಂಘದಲ್ಲಿ ಹೊಸಬರಿಗೆ ಕಲಿಸಬೇಕು, ಕೆಲಸ ಹಂಚಬೇಕು, ಮನಸ್ತಾಪ ಬಗೆಹರಿಸಬೇಕು. ಬೆಂಗಳೂರಿನ ಆಫೀಸಿನಲ್ಲಿ ಇದನ್ನೇ ಎಚ್.ಆರ್. ಅಂತಾರೆ!

ದೊಡ್ಡ ಸಂಸ್ಥೆಗಳೂ ಇದನ್ನು ಒಪ್ಪಿವೆ. ಕೆಲಸ ಬಿಟ್ಟ ಮಹಿಳೆಯರು ಮರಳಿ ಬರಲೆಂದೇ ಟಾಟಾ ಸಮೂಹ 2008ರಲ್ಲಿ ಇಂಟರ್ನ್‌ಶಿಪ್ ಶುರುಮಾಡಿತು.

ಹಾಗಾದರೆ ಎಲ್ಲಿಂದ ಶುರು?

* ಅರ್ಜಿಯಲ್ಲಿ ಬಿಡುವಿನ ವರ್ಷಗಳನ್ನೂ ಬರೆಯಿರಿ. ಟ್ಯೂಷನ್, ಸ್ವಸಹಾಯ ಸಂಘದ ಲೆಕ್ಕ, ಶಾಲಾ ವಾರ್ಷಿಕೋತ್ಸವದ ಉಸ್ತುವಾರಿ ಎಲ್ಲವೂ ಅನುಭವವೇ. ಎಷ್ಟು ಜನ, ಎಷ್ಟು ದಿನ ಅನ್ನೋದನ್ನೂ ಸೇರಿಸಿ.

* ಊರಿನ ಕಾಲೇಜಿನಲ್ಲಿ ಸಂದರ್ಶನ ಎದುರಿಸುವ ಬಗ್ಗೆ ತರಗತಿ ಮಾಡಿ, ಪ್ರಾಂಶುಪಾಲರಿಂದ ಒಂದು ಪತ್ರ ಪಡೆಯಿರಿ.

* ಒಂದೆರಡು ಸಲ ಬಿಟ್ಟಿ ಮಾಡಿದರೆ ಸರಿ. ಮೂರನೇ ಸಲ ಸಂಕೋಚಪಡದೆ ಸಂಭಾವನೆ ಕೇಳಿ.

ಮೊದಲ ಸಂಬಳ ಹಳೆಯದಕ್ಕಿಂತ ಕಡಿಮೆ ಇರಬಹುದು. ‘ಇಷ್ಟಕ್ಕೆ ಯಾಕೆ ಒದ್ದಾಡ್ತೀಯ?’ ಅಂತ ಮನೆಯವರೂ ಕೇಳಬಹುದು. ಆದರೂ ನಿಮ್ಮದೇ ಒಂದು ಬ್ಯಾಂಕ್ ಪಾಸ್‌ಬುಕ್ ಇರಲಿ. ಅದರ ಧೈರ್ಯವೇ ಬೇರೆ.